ಚೂಟಿಯ ಬೆರಳು ಹೇಳಿದ್ದು

ಮಗು ಅಳುತ್ತದೆ. ಹಸಿವೋ, ನೋವೋ, ಹಟವೋ ತಿಳಿಯುವುದಿಲ್ಲ. ಮಾತು ಬರುವ ಮಕ್ಕಳ ಮನೆಯಲ್ಲೇ ಈ ಪಾಡು. ಇನ್ನು ಆರು ವರ್ಷವಾದರೂ ಮಾತು ಬಾರದ ಚೂಟಿಯ ಮನೆಯಲ್ಲಿ ಕೇಳಬೇಕೆ?

ಚೂಟಿಗೆ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಮಾತು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಅಪ್ಪ ಗಡಿಯಾರ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ.

ಆಸ್ಪತ್ರೆಯ ಮಾತಿನ ಟೀಚರ್ ಒಂದು ರಟ್ಟಿನ ಮೇಲೆ ಚಿತ್ರಗಳನ್ನು ಅಂಟಿಸಿ ಕೊಟ್ಟಿದ್ದರು. ನೀರು, ಊಟ, ಬಿಸ್ಕತ್ತು, ನಿದ್ದೆ, ನೋವು, ಮೈಯ ಭಾಗಗಳು. ಅಪ್ಪನ ಅಂಗಡಿಯನ್ನು ಸೂಚಿಸಲು ಒಂದು ಗಡಿಯಾರ. ಹೇಳಬೇಕಾದ್ದನ್ನು ಮಗು ಬೆರಳಿಟ್ಟು ತೋರಿಸಬೇಕು.

ಅಜ್ಜಿಗೆ ಅದು ಸುತರಾಂ ಹಿಡಿಸಲಿಲ್ಲ. “ಬೆರಳಲ್ಲೇ ಕೆಲಸ ಆಗೋದಾದ್ರೆ ನಾಲಿಗೆ ಯಾಕೆ ಕಷ್ಟ ಪಡುತ್ತೆ? ತುಕ್ಕು ಹಿಡಿಯುತ್ತೆ, ಅಷ್ಟೆ.”

“ಅಮ್ಮ ಹೇಳೋದು ಸರಿ. ಮಾತು ತಾನಾಗೇ ಬರುತ್ತೆ. ಎತ್ತಿಡು ಅದನ್ನ,” ಎಂದ ಅಪ್ಪ ಹೆಂಡತಿಗೆ.

ಅವಳು ಎತ್ತಿಟ್ಟಳು, ಅಡುಗೆಮನೆಯ ಹಿಟ್ಟಿನ ಡಬ್ಬದ ಹಿಂದೆ. ಅತ್ತೆ ಮಧ್ಯಾಹ್ನ ಕಣ್ಣು ಮುಚ್ಚಿದಾಗ ಹೊರಗೆ ತೆಗೆದು ಮಗಳ ಜೊತೆ ಕೂರುತ್ತಿದ್ದಳು. ಚೂಟಿ ಬೇಗ ಕಲಿತಳು. ಬಿಸ್ಕತ್ತಿನ ಚಿತ್ರವನ್ನಂತೂ ಯಾರೂ ಹೇಳಿಕೊಡಬೇಕಾಗಿ ಬರಲಿಲ್ಲ.

ಒಂದು ದಿನ ಊಟದ ಹೊತ್ತಿಗೆ ಚೂಟಿ ತಟ್ಟೆಯನ್ನು ದೂಡಿದಳು. ನೀರು ಕುಡಿಸಿದರೆ ಕೆಮ್ಮಿ ಉಗುಳಿದಳು. ಬಾಯಿಂದ ಜೊಲ್ಲು ಸುರಿಯತೊಡಗಿತು.

“ಹಟ ಕಣೆ, ಹಟ,” ಎಂದರು ಅಜ್ಜಿ.

“ಗಂಟಲು ಕೆಟ್ಟಿರಬೇಕು. ಸಂಜೆವರೆಗೂ ನೋಡೋಣ,” ಎಂದ ಅಪ್ಪ.

ಚೂಟಿ ಅಮ್ಮನ ಕೈ ಹಿಡಿದು ಅಡುಗೆಮನೆಗೆ ಎಳೆದಳು. ಹಿಟ್ಟಿನ ಡಬ್ಬವನ್ನೇ ನೋಡುತ್ತ ನಿಂತಳು. ಯಾತಕ್ಕೆಂದು ಅಮ್ಮನಿಗೆ ಗೊತ್ತಾಯಿತು. ಆದರೆ ಅತ್ತೆ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದರು. ಅಮ್ಮನ ಕೈ ಮುಂದಕ್ಕೆ ಹೋಗಲಿಲ್ಲ. ಅಷ್ಟರಲ್ಲಿ ಮಗಳ ಜೊಲ್ಲಿನಲ್ಲಿ ಒಂದು ಕೆಂಪು ಎಳೆ ಕಂಡಿತು. ರಕ್ತ!

ಅವಳು ರಟ್ಟನ್ನು ಹೊರಗೆಳೆದಳು.

“ಇದೇನೇ, ಇನ್ನೂ ಇಟ್ಕೊಂಡಿದ್ದೀಯಾ?”

“ಬೈಯೋದಿದ್ರೆ ಆಮೇಲೆ ಬೈಯಿರಿ ಅತ್ತೆ. ಚೂಟಿ, ಎಲ್ಲಿ ನೋವು ಕಂದಾ?”

ಪುಟ್ಟ ಬೆರಳು ಗಂಟಲಿನ ಚಿತ್ರದ ಮೇಲೆ ಕೂತಿತು. ಆಮೇಲೆ ಗಡಿಯಾರದ ಮೇಲೆ.

“ಅಪ್ಪ ಬೇಕಂತೆ,” ಎಂದರು ಅಜ್ಜಿ.

“ಅಪ್ಪ ಇಲ್ಲೇ ಇದ್ದಾರಲ್ಲ ಅತ್ತೆ. ಅವಳು ತೋರಿಸ್ತಿರೋದು ಅಂಗಡಿನ.”

ಬೆರಳು ಊಟದ ಚಿತ್ರಕ್ಕೆ ಸರಿಯಿತು. ಮತ್ತೆ ಗಂಟಲಿಗೆ ಬಂತು. ಅಂಗಡಿ, ತಿಂದೆ, ಗಂಟಲು.

ಅಪ್ಪನ ಮುಖ ಬಿಳಿಚಿಕೊಂಡಿತು. ಅಂಗಡಿಗೆ ಓಡಿದ. ಅಲ್ಲಿಂದಲೇ ಕೂಗಿದ: “ಬೆಳಿಗ್ಗೆ ಅಲಾರಂ ಗಡಿಯಾರದಿಂದ ಸೆಲ್ ತೆಗೆದು ಮೇಜಿನ ಮೇಲಿಟ್ಟಿದ್ದೆ. ನಾಣ್ಯದ ಥರದ ಚಪ್ಪಟೆ ಸೆಲ್. ಇಲ್ಲ ಕಣೇ, ಇಲ್ಲ!”

ಅಜ್ಜಿ ಮಗುವಿನ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಲು ಹೋದರು. ಅಮ್ಮ ಅವರ ಕೈ ಹಿಡಿದುಕೊಂಡೇ ಆಸ್ಪತ್ರೆಗೆ ಫೋನ್ ಮಾಡಿದಳು. “ವಾಂತಿ ಮಾಡಿಸ್ಬೇಡಿ. ನಾವು ಹೇಳದೆ ತಿನ್ನೋಕೆ ಕುಡಿಯೋಕೆ ಏನೂ ಕೊಡ್ಬೇಡಿ. ಒಂದು ನಿಮಿಷನೂ ಕಾಯಬೇಡಿ, ಹೊರಡಿ!” ಎಂದರು ಆ ಕಡೆಯವರು.

ಸಿಕ್ಕ ಗಾಡಿ ಹತ್ತಿದರು. ದಾರಿಯುದ್ದಕ್ಕೂ ಚೂಟಿಯ ಉಸಿರು ಗೊರಗೊರ ಅನ್ನುತ್ತಿತ್ತು. ಒಂದು ಕ್ಷಣ ಆ ಸದ್ದು ನಿಂತರೂ ಮೂವರ ಜೀವ ಬಾಯಿಗೆ ಬರುತ್ತಿತ್ತು. ಎಕ್ಸ್‌ರೇಯಲ್ಲಿ ಕತ್ತಿನ ಕೆಳಗೆ ಒಂದು ಬಿಳಿ ಬಿಲ್ಲೆ ಕಂಡಿತು. ಮಗುವನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದರು. ಹೊರಗಿನ ಬೆಂಚಿನ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಕೊನೆಗೆ ಡಾಕ್ಟರ್ ಹೊರಗೆ ಬಂದರು. “ತೆಗೆದಿದ್ದೀವಿ. ಆ ಸೆಲ್ ಒಳಗೆ ಸುಡೋಕೆ ಶುರುಮಾಡಿತ್ತು. ಸಂಜೆವರೆಗೂ ಕಾದಿದ್ರೆ ಅನ್ನನಾಳ ತೂತು ಬೀಳಬಹುದಿತ್ತು. ಮಗುಗೆ ಮಾತು ಬರಲ್ಲ ಅಂದ್ರಿ. ಸೆಲ್ ನುಂಗಿದ್ದು ಹೇಗೆ ಗೊತ್ತಾಯ್ತು?”

“ಅವಳೇ ಹೇಳಿದ್ಲು ಡಾಕ್ಟ್ರೇ,” ಎಂದ ಅಪ್ಪ.

ಮಾರನೆಯ ದಿನ ಮಾತಿನ ಟೀಚರ್ ವಾರ್ಡಿಗೆ ಬಂದರು. ಅಜ್ಜಿ ಮೆಲ್ಲಗೆ ಕೇಳಿದರು: “ಒಂದ್ಮಾತು ಟೀಚರಮ್ಮ. ಚಿತ್ರ ತೋರಿಸ್ತಾ ಹೋದ್ರೆ ಮಾತು ಬರೋದೇ ನಿಂತ್ಹೋಗಲ್ವಾ? ನನಗೆ ಅದೇ ಭಯ.”

“ಇಲ್ಲಮ್ಮ, ಚಿತ್ರ ಮಾತನ್ನ ತಡೆಯಲ್ಲ. ಎಷ್ಟೋ ಮಕ್ಕಳಿಗೆ ಮಾತು ಕಲಿಯೋಕೆ ಸಹಾಯನೇ ಆಗುತ್ತೆ. ಚಿತ್ರ ತೋರಿಸ್ತಾ ನೀವೂ ಬಾಯಲ್ಲಿ ಹೇಳ್ತಾ ಇರಿ. ಮಾತು ಬಂದ್ರೆ ಸಂತೋಷ. ಬರೋವರೆಗೂ ಮಗು ಮೂಕವೇದನೆ ಪಡಬೇಕಾ?”

ಅವರು ಅಮ್ಮನ ಫೋನಿನಲ್ಲೂ ಚಿತ್ರಗಳನ್ನು ಹಾಕಿಕೊಟ್ಟರು. ಚಿತ್ರ ಒತ್ತಿದರೆ ಫೋನು ಮಾತಾಡುತ್ತದೆ. ಮನೆಯವರದೇ ದನಿ ತುಂಬಬಹುದು ಎಂದಾಗ ಅಜ್ಜಿ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. “ನಂದೇ ಇರಲಿ.”

ಮನೆಗೆ ಬಂದ ಮೇಲೆ ಅಜ್ಜಿ ಕಹಿ ಔಷಧ ಹಿಡಿದು ನಿಂತರು. ಚೂಟಿ ಫೋನು ಒತ್ತಿದಳು. “ಬೇಡ!” ಎಂದಿತು ಅಜ್ಜಿಯ ದನಿ. ಮತ್ತೆ ಒತ್ತಿದಳು. “ಬೇಡ!”

“ನೋಡ್ರೋ, ನನ್ನ ಬಾಯಲ್ಲೇ ನನಗೆ ಬೇಡ ಅನ್ನಿಸ್ತಾಳೆ!” ಅಜ್ಜಿ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಅಪ್ಪ ಸೆಲ್ಲುಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದಾನೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಮಾತು ಬಾರದ ಮಗುವಿದೆಯೇ? ‘ತಾನಾಗೇ ಬರುತ್ತೆ’ ಎಂದು ಕಾಯಬೇಡಿ. ಆಸ್ಪತ್ರೆಗೆ ಹೋಗಿ ಮಾತಿನ ತರಬೇತಿ ಕೊಡುವವರು ಎಲ್ಲಿ ಸಿಗುತ್ತಾರೆ ಎಂದು ಕೇಳಿ. ಫೋನಿದ್ದರೆ ಫೋನು, ಇಲ್ಲದಿದ್ದರೆ ಒಂದು ರಟ್ಟು, ನಾಲ್ಕು ಚಿತ್ರ ಸಾಕು. ಅದನ್ನು ಮಗುವಿನ ಕೈಗೆ ಸಿಗುವಲ್ಲೇ ಇಡಿ. ‘ನೋವು’ ಎನ್ನುವ ಚಿತ್ರವನ್ನು ಮಾತ್ರ ಮರೆಯಬೇಡಿ.