ಒಂದು ಮನೆಯ ಮೌನ

“ಕೊಡೆ ತಗೊಂಡು ಹೋಗ್ಲೋ, ಬೇಡ್ವೋ?”

ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಬಾಗಿಲಲ್ಲಿ ನಿಂತು, ವೈರ್‌ಲೆಸ್ ತಾತ ಮನೆಯೊಳಕ್ಕೆ ಮುಖ ಮಾಡಿ ಕೇಳಿದ. ಕೇಳಿದವನು ಇನ್ನೊಂದು ಚಪ್ಪಲಿಗೆ ಕಾಲು ತೂರಿಸುವುದನ್ನೂ ಮರೆತು ಹಾಗೇ ನಿಂತ. ಒಳಗೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಬೇರೇನೂ ಕೇಳಿಸಲಿಲ್ಲ.

ಮದುವೆಯಾದಾಗಿನಿಂದ ಈ ಪ್ರಶ್ನೆಗೆ ಉತ್ತರ ಒಳಗಿನಿಂದಲೇ ಬರುತ್ತಿತ್ತು. “ಆಕಾಶ ನಿಮ್ಮ ತಲೆ ಮೇಲೇ ಇದೆಯಲ್ರೀ, ನೋಡಿದ್ರೆ ಕತ್ತು ಉಳುಕುತ್ತಾ?” ಎಂದು ಹೆಂಡತಿ ರೇಗಿಸುತ್ತಿದ್ದಳು. ಅವಳು ಹೋಗಿ ವರ್ಷವಾಗುತ್ತ ಬಂದಿತ್ತು. ಆ ಮಾತು ಮಾತ್ರ ಅವನಿಗೆ ಅಕ್ಷರ ಬಿಡದೆ ನೆನಪಿತ್ತು. ಆದರೆ ಈಚೀಚೆಗೆ ನೆನಪಿಸಿಕೊಂಡಾಗಲೆಲ್ಲ ಅದನ್ನು ಹೇಳುತ್ತಿದ್ದುದು ಅವನದೇ ಗೊಗ್ಗರು ಧ್ವನಿ. ಅವಳ ಧ್ವನಿ ಯಾವಾಗ ಎದ್ದು ಹೋಯಿತೋ ಗೊತ್ತಾಗಲೇ ಇಲ್ಲ. ಮಾತುಗಳನ್ನೆಲ್ಲ ಬಿಟ್ಟು ಧ್ವನಿ ಮಾತ್ರ ಹೊರಟುಹೋಗಿತ್ತು.

ಅವನಿಗೆ ಇದು ನಾಚಿಕೆಯ ವಿಷಯವಾಗಿತ್ತು. ಯುದ್ಧದಲ್ಲಿ ಅವನು ಬಂದೂಕು ಹಿಡಿದದ್ದು ಕಡಿಮೆ; ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಗರಗರ ಸದ್ದಿನೊಳಗಿಂದ ಮನುಷ್ಯರ ದನಿಯನ್ನು ಹೆಕ್ಕಿ ತೆಗೆಯುತ್ತ ಕೂತದ್ದೇ ಹೆಚ್ಚು. ಬೀದಿಯವರು ವೈರ್‌ಲೆಸ್ ತಾತ ಎಂದು ಹೆಸರಿಟ್ಟದ್ದೂ ಅದಕ್ಕೇ. ಬೆಟ್ಟದಾಚೆಯ ಅಪರಿಚಿತರ ಧ್ವನಿಯೆಲ್ಲ ಇಂದಿಗೂ ಕಿವಿಯಲ್ಲಿತ್ತು. ಒಂದೇ ಸೂರಿನಡಿ ಬಾಳಿದವಳದ್ದು ಇರಲಿಲ್ಲ. ಮೊಬೈಲಿನಲ್ಲಿ ಅವಳ ಫೋಟೋಗಳಿದ್ದವು. ಎಲ್ಲದರಲ್ಲೂ ಬಾಯಿ ಮುಚ್ಚಿಕೊಂಡಿದ್ದಳು, ಜೀವಮಾನದಲ್ಲಿ ಮಾತೇ ಆಡದವಳ ಹಾಗೆ.

ಬೆಳಿಗ್ಗೆ ಮುಖ ತೊಳೆಯುವಾಗ ತಟ್ಟನೆ ಹೊಳೆದಿತ್ತು: ಅವಳ ಧ್ವನಿ ಒಂದು ಕಡೆ ಇದೆ. ಟ್ರಸ್ಟಿನಲ್ಲಿ.

ಕೊಡೆ ಬಿಟ್ಟೇ ಹೊರಟ.

ಯುದ್ಧಕ್ಕೆ ಹೋಗಿ ಬಂದವರ, ಹೋಗಿ ಬಾರದವರ ನೆನಪು ಉಳಿಸುವ ಟ್ರಸ್ಟು ಅದು. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವವರ ಮೂಗಿಗೆ ಮೊದಲು ರಬ್ಬರಿನ ವಾಸನೆ ಬಡಿಯುತ್ತಿತ್ತು. ಹಜಾರದ ಗಾಜಿನ ಬೀರುಗಳಲ್ಲಿ ತಾತನ ಕೋಟಿತ್ತು, ಟೊಪ್ಪಿಗೆಯಿತ್ತು, ಪದಕಗಳಿದ್ದವು, ಕಬ್ಬಿಣದ ಪೆಟ್ಟಿಗೆಯಿತ್ತು. ಕಾರ್ಯದರ್ಶಿ ಒಂದೊಂದಾಗಿ ಕೇಳಿದ್ದ, ತಾತ ಒಂದೊಂದಾಗಿ ತಂದುಕೊಟ್ಟಿದ್ದ. ಕಾರ್ಯದರ್ಶಿ ಒಳ್ಳೆಯ ಮನುಷ್ಯ. ಬೀರುಗಳ ಧೂಳನ್ನು ತಾನೇ ಒರೆಸುತ್ತಿದ್ದ. ಎಲ್ಲ ಯೋಧರ ಹುಟ್ಟಿದ ದಿನಕ್ಕೂ ತಪ್ಪದೆ ಫೋನ್ ಮಾಡುತ್ತಿದ್ದ.

ಹಜಾರದ ಕೊನೆಯ ಪುಟ್ಟ ಕೋಣೆ ಕತ್ತರಿ ಅಕ್ಕನದು. ಯೋಧರ ಮನೆಮನೆಗೆ ಹೋಗಿ ಕಥೆ ರೆಕಾರ್ಡ್ ಮಾಡಿಕೊಂಡು ಬಂದು, ಕೆಮ್ಮು ತೊದಲು ಕತ್ತರಿಸಿ ಹದ ಮಾಡುವವಳು ಅವಳೇ. ತಾತನನ್ನು ಕಂಡದ್ದೇ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡಳು.

“ಬನ್ನಿ ತಾತ! ಅಜ್ಜಿ ಹೇಗಿದಾರೆ? ಒಂದ್ಸಲನಾದ್ರೂ ಕರ್ಕೊಂಡು ಬರಬಾರದಾ?”

“ಹೋಗಿಬಿಟ್ಟಳು ಕಣಮ್ಮ. ಹೋದ ಚಳಿಗಾಲದಲ್ಲಿ ತೀರ್ಕೊಂಡಳು.”

ಅವಳು ಕುರ್ಚಿಯ ಮೇಲಿನ ವೈರುಗಳನ್ನು ಬಾಚಿ ತೆಗೆದು ಜಾಗ ಮಾಡಿದಳು. “ನಮಗೆ ಹೇಳಲೇ ಇಲ್ಲವಲ್ಲ ತಾತ,” ಎಂದಳು. ಯಾರಿಗೆ ಹೇಗೆ ಹೇಳಬೇಕೆಂದು ತಾತನಿಗೆ ತೋಚಿರಲಿಲ್ಲ. ಇಂಥದ್ದನ್ನೆಲ್ಲ ಹೇಳಿ ಕಳಿಸುವ ಕೆಲಸ ಹೆಂಡತಿಯದೇ ಆಗಿತ್ತು.

“ನನ್ನ ಕಥೆ ಒಂದ್ಸಲ ಹಾಕಮ್ಮ. ಕೇಳಬೇಕು.”

“ಅಯ್ಯೋ, ಅದಕ್ಕೇನು! ಇಲ್ಲಿಗೆ ಹೇಳೋರು ಬರ್ತಾರೆ ತಾತ, ಕೇಳೋರೇ ಬರಲ್ಲ,” ಎಂದು ಅವಳು ಹೆಡ್‌ಫೋನನ್ನು ಅವನ ಕಿವಿಗಿಟ್ಟು, ಕೂದಲು ಸಿಕ್ಕಿಕೊಳ್ಳದ ಹಾಗೆ ಸರಿಮಾಡಿದಳು.

ತಾತ ಕಣ್ಣು ಮುಚ್ಚಿದ. ರೆಕಾರ್ಡಿಂಗಿನ ದಿನ ಕಣ್ಣ ಮುಂದೆ ಬಂತು. ಮೇಜಿನ ಮೇಲೆ ಯಂತ್ರ. ಅಡುಗೆಮನೆಯ ಹೊಸ್ತಿಲಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಹೆಂಡತಿ. ಸುಮ್ಮನಿರಿ ಅಜ್ಜಿ ಎಂದು ಎಷ್ಟು ಸಲ ಹೇಳಿದರೂ ಬಾಯಿ ನಿಲ್ಲದು. “ಮಂಜು ಮುಸುಕಿತ್ತು ಅಂತಿದ್ರಿ, ಈಗ ಮಳೆ ಅಂತೀರಲ್ಲ?” ಎಂದು ತಗಾದೆ. “ಎರಡೂ ಇತ್ತು ಕಣೇ.” “ಮದುವೆ ಆದ ಹೊಸದರಲ್ಲಿ ಹೇಳ್ದಾಗ ಬರೀ ಮಂಜಿತ್ತಪ್ಪ. ಮಳೆ ಆಮೇಲೆ ಶುರುವಾಯ್ತು.” ಕತ್ತರಿ ಅಕ್ಕ ಬಾಯಿಗೆ ದುಪ್ಪಟ್ಟಾ ಒತ್ತಿಕೊಂಡು ನಕ್ಕಿದ್ದಳು.

ಕಿವಿಯಲ್ಲಿ ಅವನ ಧ್ವನಿ ಶುರುವಾಯಿತು. ಸೇತುವೆಯ ಆಚೆಯ ಠಾಣೆ. ಕತ್ತಲು. ಮಳೆ. ತಾತ ಕಾದ. ಈಗ ಬರುತ್ತಾಳೆ, ಮಂಜು ಎನ್ನುತ್ತಾಳೆ. ಧ್ವನಿ ನಿಲ್ಲಲಿಲ್ಲ, ಮಳೆಯನ್ನು ದಾಟಿ ಮುಂದೆ ಹೋಯಿತು. ಇನ್ನೊಂದು ಕಡೆ ಬಂದಾಳೆಂದು ಕಾದ. ಅಲ್ಲೂ ಇಲ್ಲ. ಆಚೆ ಠಾಣೆಯ ಗೆಳೆಯ ವೈರ್‌ಲೆಸ್ಸಿನಲ್ಲಿ “ಕೇಳಿಸ್ತಿದೆಯಾ, ಕೇಳಿಸ್ತಿದೆಯಾ” ಎನ್ನುತ್ತಲೇ ನಿಂತುಹೋದ ಜಾಗ ಬಂತು. ಅಲ್ಲಿಗೆ ಬಂದಾಗಲೆಲ್ಲ ತಾತ ಕೆಮ್ಮಿ ನಿಲ್ಲುತ್ತಿದ್ದ. ಅವತ್ತೂ ನಿಂತಿದ್ದ. ಅವಳು ಬೆಳ್ಳುಳ್ಳಿ ಕೈಯಲ್ಲೇ ಲೋಟ ತಂದು, “ನೀರು ಕುಡೀರಿ, ಆಮೇಲೆ ಹೇಳೋರಂತೆ,” ಎಂದಿದ್ದಳು. ಹೆಡ್‌ಫೋನಿನೊಳಗಿನ ಮನುಷ್ಯ ನೀರು ಕುಡಿಯಲಿಲ್ಲ. ಉಸಿರನ್ನೂ ಎಳೆದುಕೊಳ್ಳದೆ, “ಆಮೇಲೆ ಬೆಳಗಾಯ್ತು,” ಎಂದುಬಿಟ್ಟ.

ತಾತ ಹೆಡ್‌ಫೋನ್ ತೆಗೆದ. ಇಷ್ಟು ಕಲ್ಲೆದೆಯವನು ಯಾರಿವನು ಎನಿಸಿತು.

“ಇವಳೆಲ್ಲಮ್ಮ?”

“ಯಾರು ತಾತ?”

“ನಮ್ಮನೆಯವಳು. ನಡುನಡುವೆ ಬಾಯಿ ಹಾಕ್ತಿದ್ದಳಲ್ಲ.”

“ಅದನ್ನೆಲ್ಲ ತೆಗೆದಿದೀನಿ. ಎಲ್ಲಿ ತೆಗೆದಿದೀನಿ ಅಂತ ಗೊತ್ತೇ ಆಗಲ್ಲ ಅಲ್ವಾ? ಅದೇ ನಮ್ಮ ಕೆಲಸದ...” ಅವಳ ಮಾತು ಅಲ್ಲಿಗೇ ಕುಸಿಯಿತು. ತಾತ ಯಾಕೆ ಬಂದಿದ್ದಾನೆಂದು ಅವಳಿಗೆ ಆಗ ಅರ್ಥವಾಯಿತು.

“ತೆಗೆದು ಎಲ್ಲಿಟ್ಟೆ?” ದರ್ಜಿ ಅಂಗಡಿಯಲ್ಲಿ ಚಿಂದಿ ಕೇಳುವವನ ಹಾಗೆ ತಾತ ಮೇಜಿನ ಕೆಳಗೆಲ್ಲ ನೋಡಿದ.

“ಇಡೋದಿಲ್ಲ ತಾತ. ಕಥೆ ಸಿದ್ಧ ಆದ ಮೇಲೆ ಮೂಲ ಅಳಿಸಿಬಿಡ್ತೀವಿ. ಕಂಪ್ಯೂಟರಲ್ಲಿ ಜಾಗ ಸಾಲಲ್ಲ... ಎಲ್ಲರದ್ದೂ ಹಾಗೇ ಮಾಡೋದು.”

“ಆಯ್ತಮ್ಮ,” ಎಂದ ತಾತ. ಅಪ್ಪಣೆ ಬಂದಾಗ ಹಾಗೆನ್ನುವುದು ಅವನ ಮೈಗೆ ಹತ್ತಿದ ಅಭ್ಯಾಸ. ಎದ್ದು ನಿಂತವನಿಗೆ ಬಾಗಿಲು ಯಾವ ಕಡೆಗಿದೆಯೆಂದು ತಿಳಿಯದೆ, ಸದ್ದು ತಡೆಯಲು ಗೋಡೆಗೆ ಅಂಟಿಸಿದ ಸ್ಪಂಜಿನ ಮೇಲೆ ಕೈಯಿಟ್ಟ. ಕೈ ಮೆತ್ತಗೆ ಒಳಕ್ಕಿಳಿಯಿತು.

“ಕೂತ್ಕೊಳಿ ತಾತ. ಒಂದ್ನಿಮಿಷ ಕೂತ್ಕೊಳಿ.” ಅವಳು ಆಗಲೇ ಕೀಲಿಮಣೆಯ ಮೇಲೆ ಬಗ್ಗಿದ್ದಳು. “ಅವತ್ತು ಕೊನೆಗೆ ಎಲ್ಲರನ್ನೂ ಸುಮ್ನೆ ಕೂರಿಸಿದ್ದೆ, ನೆನಪಿದೆಯಾ?”

ನೆನಪಿತ್ತು. ಕಥೆ ಮುಗಿದ ಮೇಲೆ ಇವಳು, ಇನ್ನೊಂದು ನಿಮಿಷ ಯಾರೂ ಮಾತಾಡಬೇಡಿ, ಅಲುಗಾಡಬೇಡಿ ಎಂದಿದ್ದಳು. “ಸುಮ್ನಿರೋದನ್ನ ಏನ್ ರೆಕಾರ್ಡ್ ಮಾಡ್ತೀಯೇ ಹುಡುಗಿ, ಅದಕ್ಕೂ ಸಂಬಳ ಕೊಡ್ತಾರಾ?” ಎಂದು ಹೆಂಡತಿ ಕೇಳಿದ್ದಳು.

“ಒಂದೊಂದು ಮನೆಗೂ ಅದರದ್ದೇ ಒಂದು ಮೌನ ಇರುತ್ತೆ ತಾತ. ಗೋಡೆ, ರಸ್ತೆ, ಮೇಲಿನ ಮನೆಯ ನಡಿಗೆ ಎಲ್ಲಾ ಸೇರಿರುತ್ತೆ. ಮಾತು ತೆಗೆದ ಜಾಗಕ್ಕೆ ಅದನ್ನೇ ತೇಪೆ ಹಾಕೋದು. ಬೇರೆ ಮನೇದು ಹಾಕಿದ್ರೆ ಕಿವಿಗೆ ಗೊತ್ತಾಗಿಬಿಡುತ್ತೆ. ಮುಂದೆ ತಿದ್ದೋದು ಬಂದರೆ ಬೇಕಾಗುತ್ತೆ ಅಂತ ತೇಪೆಯ ಮೌನ ಮಾತ್ರ ಅಳಿಸಲ್ಲ... ಇಲ್ಲಿದೆ. ನಿಮ್ಮನೇದು. ಮೊದಲರ್ಧ ಮಾತ್ರ ಬಳಸಿದೀನಿ. ಉಳಿದದ್ದು ಕೆಟ್ಟಿದೆ ಅಂತ ಗುರುತು ಹಾಕಿದೀನಿ.”

“ಕೆಟ್ಟಿದೆ ಅಂದ್ರೆ?”

ಅವಳು ಹೆಡ್‌ಫೋನನ್ನು ಮತ್ತೆ ಅವನ ಕಿವಿಗಿಟ್ಟಳು.

ಮೊದಲು ಏನೂ ಇರಲಿಲ್ಲ. ಆಮೇಲೆ ಆ ಏನೂ ಇಲ್ಲದ್ದರೊಳಗಿಂದ ಮನೆ ಎದ್ದು ಬಂತು. ನಲ್ಲಿಯ ತೊಟ್ಟು, ಬೀದಿಯ ಕೊನೆಯಲ್ಲಿ ತಿರುಗುವ ಗಾಡಿ, ಮರದ ಕುರ್ಚಿಯ ಸಣ್ಣ ನರಳು. ತಾತ ಹಳೆಯ ರೂಢಿಯಂತೆ ಎರಡೂ ಅಂಗೈಯಿಂದ ಕಿವಿ ಒತ್ತಿಕೊಂಡ, ಕತ್ತನ್ನು ತುಸು ಓರೆ ಮಾಡಿದ. ಬಳೆ ಸದ್ದಾಯಿತು. ಮೂಗಿನಲ್ಲೇ ತಡೆಹಿಡಿದ ಒಂದು ನಗು. ಮತ್ತೆ ಏನೂ ಇಲ್ಲ. ಆಮೇಲೆ, ಮಗ್ಗುಲಲ್ಲೇ ಕೂತವಳ ಹಾಗೆ, ಪಿಸುಮಾತಿನಲ್ಲಿ:

“ರೀ... ಮುಗೀತಾ? ಉಸಿರು ಬಿಡ್ಲಾ?”

ತಾತ ಅಲುಗಾಡಲಿಲ್ಲ. ಕತ್ತರಿ ಅಕ್ಕ ಪರದೆಯ ಕಡೆಗೇ ಮುಖ ಮಾಡಿ ಕೂತಳು. ಕೇಳದೆಯೇ ಮೊದಲಿಂದ ಹಾಕಿದಳು. ಇನ್ನೊಮ್ಮೆ ಹಾಕಿದಳು.

ಹಾಗೆ ಎಷ್ಟು ಹೊತ್ತಾಗಿತ್ತೋ, ಕಾರ್ಯದರ್ಶಿ ಕೈಯಲ್ಲಿ ಧೂಳೊರೆಸುವ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅಕ್ಕ ತಗ್ಗಿದ ದನಿಯಲ್ಲಿ ಸಂಗತಿ ತಿಳಿಸಿದಳು. ಅವನು ತಾತನ ಅನುಮತಿ ಪಡೆದು, ಹೆಡ್‌ಫೋನಿನ ಒಂದು ಕಡೆಯನ್ನು ತನ್ನ ಕಿವಿಗೆ ಒತ್ತಿ, ಬಗ್ಗಿಕೊಂಡೇ ಕೇಳಿದ. ಕೇಳಿ ಮುಗಿಸಿ ಕೈಯಲ್ಲಿದ್ದ ಬಟ್ಟೆಯಿಂದಲೇ ಮುಖ ಒರೆಸಿಕೊಂಡ. ಕೆನ್ನೆಗೆ ಧೂಳು ಹತ್ತಿತು.

“ತಾತ,” ಎಂದು ಅವನು ಎದುರಿಗೆ ಕುಕ್ಕರಗಾಲಲ್ಲಿ ಕೂತ. “ನಮ್ಮಪ್ಪ ಯುದ್ಧಕ್ಕೆ ಹೋದಾಗ ನಾನು ಹೊಟ್ಟೇಲಿದ್ದೆ. ಅವರ ಕೋಟಿದೆ, ಫೋಟೋ ಇದೆ. ಧ್ವನಿ ಅಂತ ಒಂದು ಕೆಮ್ಮೂ ಉಳಿದಿಲ್ಲ. ಈ ಟ್ರಸ್ಟು ಕಟ್ಟಿದ್ದೇ ಅದಕ್ಕೆ. ಮನೇಲಿ ಕಾದೋರ ಕಥೆ ಯಾರೂ ಹೇಳಲ್ಲ ತಾತ, ನಾವೂ ಹೇಳಿಲ್ಲ. ಈ ಸಲದ ಸ್ಮರಣೆ ಸಭೆಯಲ್ಲಿ ದೀಪ ಆರಿಸಿ, ಇಡೀ ಹಜಾರಕ್ಕೆ ಇದೊಂದನ್ನೇ ಕೇಳಿಸ್ತೀನಿ. ಒಂದು ಮಾತೂ ಸೇರಿಸಲ್ಲ, ಒಂದು ಮಾತೂ ತೆಗೆಯಲ್ಲ. ಆಮೇಲೆ ನಿಮ್ಮ ಕೋಟಿನ ಪಕ್ಕದಲ್ಲೇ ಇಡೋಣ, ಬಂದೋರೆಲ್ಲ ಕೇಳ್ಲಿ. ಅಜ್ಜಿನೂ ಉಳೀತಾರೆ. ಕೊಡ್ತೀರಲ್ಲ?”

ತಾತ ಅವನ ಮುಖವನ್ನೇ ನೋಡಿದ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ತಂದೆಯನ್ನು ಕಳೆದುಕೊಂಡವನು. ಕೂದಲು ನೆರೆತಿದ್ದರೂ ಕೇಳುವಾಗ ಕಣ್ಣು ಮಕ್ಕಳ ಕಣ್ಣಿನ ಹಾಗೆ ಅರಳಿತ್ತು. ತಾತ ಕೈ ಚಾಚಿ, ಹೆಬ್ಬೆರಳಿನಿಂದ ಅವನ ಕೆನ್ನೆಯ ಧೂಳನ್ನು ಒರೆಸಿದ.

“ಇಲ್ಲಪ್ಪ,” ಎಂದ. “ಇದನ್ನ ಕೊಡಲ್ಲ. ಅವಳು ಕೇಳಿದ್ದು ನನ್ನನ್ನ.”