ಕೊಡೆ ಬಿಚ್ಚುವ ಮೊದಲು

ನಡುಬೇಸಿಗೆ. ಬೆಳಗಾಗಿ ಇನ್ನೂ ಹೊತ್ತಾಗಿರಲಿಲ್ಲ, ಆಗಲೇ ತಗಡಿನ ಮಾಡು ಚಟಚಟ ಅನ್ನುತ್ತಿತ್ತು. ಅತ್ತಿಗೆಯ ಅಣಬೆ ಕೋಣೆಯ ಹಿಂಬದಿಯಲ್ಲಿ ಮೈದುನ ಹಳೆಯ ಎ.ಸಿ.ಗೆ ಕೊಳವೆ ಸಿಕ್ಕಿಸಿ, ಒಳಗಿನ ಗ್ಯಾಸನ್ನು ಒಂದು ಸಣ್ಣ ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಳ್ಳುತ್ತಿದ್ದ. ಹೊಸ ಎ.ಸಿ. ಇನ್ನೂ ರಟ್ಟಿನ ಪೆಟ್ಟಿಗೆಯಲ್ಲೇ ಕೂತಿತ್ತು.

ಅತ್ತಿಗೆ ಒಂದು ಅಣಬೆ ಹಿಡಿದು ಹೊರಗೆ ಬಂದಳು.

"ನೋಡಿಲ್ಲಿ, ಸೆಖೆಗೆ ಬಿರೀತಿದೆ. ಕೊಡೆ ಬಿಚ್ಚಿದ್ದನ್ನ ಸಂಜೆ ಕೊಳ್ಳೋಕೆ ಬರೋ ವ್ಯಾನಿನವನು ಮುಟ್ಟೋದೂ ಇಲ್ಲ. ಈ ಬೆಳೆ ಹೋದ್ರೆ ಮುಂದಿನ ಬೀಜಕ್ಕೂ ಗತಿಯಿಲ್ಲ ಕಣಯ್ಯ."

"ಸ್ವಲ್ಪ ತಡೀರಿ, ಅತ್ತಿಗೆ."

"ಹೋದ ಸಲ ರಿಪೇರಿಗೆ ಬಂದಾಗ ಬುಸ್ ಅಂತ ಗಾಳಿಗೇ ಬಿಟ್ಟೆಯಲ್ಲ. ಚಿಟಿಕೆ ಹೊಡೆಯೋದ್ರಲ್ಲಿ ಆಗಿತ್ತು."

"ಆವಾಗ ತಿಳೀದೆ ಬಿಟ್ಟೆ. ಇದು ಮೇಲೆ ಆಕಾಶಕ್ಕೆ ಹೋದ್ರೆ ಭೂಮಿ ಸೆಖೇನ ಹಿಡಿದಿಟ್ಕೊಂಡು ಕೂರುತ್ತೆ. ಹೊಸದ್ರೊಳಗಿರೋ ಗ್ಯಾಸು ಅಷ್ಟು ಕೇಡಲ್ಲ. ಬೆಂಕಿ ಮಾತ್ರ ಹತ್ತಿರ ತರಬಾರದು."

"ಲೋಕದ ಸೆಖೆಯೆಲ್ಲ ನನ್ನ ಅಣಬೆ ತಲೆ ಮೇಲೇನಾ? ಸರಿ, ಬಿಚ್ಚಿಕೊಂಡಿದ್ದೆಲ್ಲ ನಿನ್ನ ಪಾಲು. ಒಂದೂ ಬಿಡದೆ ನೀನೇ ತಿನ್ನಬೇಕು."

"ಆಯ್ತು," ಎಂದ. ಅಣಬೆಯೆಂದರೆ ಅವನಿಗೆ ಚಿಕ್ಕಂದಿನಿಂದಲೂ ಅಷ್ಟಕ್ಕಷ್ಟೆ. ಅದು ಅವಳಿಗೂ ಗೊತ್ತಿತ್ತು.

ಸಿಲಿಂಡರು ಕಾದು, ಗ್ಯಾಸು ಇಳಿಯುವುದು ನಿಧಾನವಾಯಿತು. ತಣ್ಣಗಿಟ್ಟರೆ ಬೇಗ ಇಳಿಯುತ್ತದೆ ಎಂದು ಅವನು ಹೇಳಿದ್ದೇ ತಡ, ಅವನ ತಾಯಿ ಮೊಮ್ಮಗನ ಸ್ನಾನದ ಟಬ್ಬು ತಂದಳು. ಸಿಲಿಂಡರನ್ನು ಅದರಲ್ಲಿ ಕೂರಿಸಿಕೊಂಡು ಬಾವಿಯ ನೀರನ್ನು ಚೊಂಬುಚೊಂಬಾಗಿ ಹೊಯ್ಯತೊಡಗಿದಳು.

"ಅಳೋದಿಲ್ಲ, ಒದೆಯೋದಿಲ್ಲ. ಚಿಕ್ಕಂದಿನಲ್ಲಿ ನಿನಗಿಂತ ಇದೇ ವಾಸಿ ಕಣೋ," ಎಂದು ಮಗನಿಗೆ ಹೇಳಿದಳು.

ಯಂತ್ರ ತನ್ನ ಪಾಡಿಗೆ ಎಳೆಯುತ್ತಿರಲು ಮೈದುನ ಕೈ ತೊಳೆದುಕೊಂಡು ಒಳಗೆ ಹೋದ. ಅತ್ತಿಗೆ ಒಂದು ಬುಟ್ಟಿ ಮುಂದೆ ತಳ್ಳಿದಳು. ಇಬ್ಬರೂ ಬೆವರು ಒರೆಸಿಕೊಳ್ಳುತ್ತ, ಇನ್ನೂ ಮುಚ್ಚಿಕೊಂಡಿದ್ದವನ್ನೇ ಹುಡುಕಿ ಕಿತ್ತರು.

"ಎಳೀಬೇಡ, ತಿರುಗಿಸು. ಅದೇನು ಬೋಲ್ಟಾ?"

"ಬೋಲ್ಟನ್ನೂ ತಿರುಗಿಸೋದೇ, ಅತ್ತಿಗೆ."

ಅವಳಿಗೆ ಕೊನೆಗೂ ನಗು ಬಂತು.

ಮಧ್ಯಾಹ್ನದ ಹೊತ್ತಿಗೆ ಹಳೆಯದು ಖಾಲಿಯಾಗಿ ಹೊಸದು ಗೋಡೆಯೇರಿತು. ಸಂಜೆ ವ್ಯಾನಿನವನು ಬುಟ್ಟಿಗಳಲ್ಲಿ ಕೈಯಾಡಿಸಿ, ಕೊಂಕು ತೆಗೆಯಲು ಏನೂ ಸಿಗದೆ, ಎತ್ತಿಕೊಂಡು ಹೋದ. ಕೊಡೆ ಬಿಚ್ಚಿದವು ಒಂದು ಬುಟ್ಟಿ ಉಳಿದವು.

ಅತ್ತಿಗೆ ಅಡುಗೆಮನೆಯಲ್ಲಿ ಅದರಲ್ಲೊಂದಿಷ್ಟು ಹುರಿದು ತಂದಿಟ್ಟು, ಎದುರಿಗೇ ಕೂತಳು. ಅವನು ಕಣ್ಣು ಮುಚ್ಚಿ ಒಂದನ್ನು ಬಾಯಿಗಿಟ್ಟ. ಅಗಿದ. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಉಳಿದಿದ್ದು?" ಅಂದಳು.

"ಬಾಕಿ ಇರಲಿ. ಮನೆಗೆ ಹೋಗಿ ತೀರಿಸ್ತೀನಿ."

ಕತ್ತಲಾಗುವ ಮುಂಚೆ ಅವನ ಬೈಕು ಹೊರಟಿತು. ಆಗಷ್ಟೇ ಟಬ್ಬಿನಿಂದೆತ್ತಿ ಹಿಂದಿನ ಸೀಟಿಗೆ ಕಟ್ಟಿದ್ದ ಸಿಲಿಂಡರಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಹ್ಯಾಂಡಲಿಗೆ ನೇತುಹಾಕಿದ ಬುಟ್ಟಿಯಲ್ಲಿ ಬಿಳಿಯ ಕೊಡೆಗಳು ಕುಲುಕಾಡುತ್ತಿದ್ದವು.