ನಡುಮನೆಯ ಕಂಬ

“ನಿಲ್ಸಿ, ನಿಲ್ಸಿ! ಕಂಬಕ್ಕೆ ತಾಗ್ತಾ ಇದೆ!”

ಮುಂದಿದ್ದ ನಾಲ್ವರು ನಿಂತರು. ಹಿಂದಿದ್ದ ನಾಲ್ವರಿಗೆ ಕೇಳಿಸಲಿಲ್ಲವೋ ಏನೋ, ಇನ್ನೊಂದು ಹೆಜ್ಜೆ ಇಟ್ಟರು. ಶವಪೆಟ್ಟಿಗೆಯ ಮೂಲೆ ನಡುಮನೆಯ ಕಬ್ಬಿಣದ ಕಂಬಕ್ಕೆ ಠಣ್ಣೆಂದು ಬಡಿಯಿತು. ಎಲ್ಲರೂ ಗಾಬರಿಯಿಂದ ಪೆಟ್ಟಿಗೆಯನ್ನು ನೋಡಿದರು. ತೀರಿಕೊಂಡವನ ಮಗಳೊಬ್ಬಳು ಮಾತ್ರ ತಲೆಯೆತ್ತಿ ತಾರಸಿಯನ್ನು ನೋಡಿದಳು. ಯಾಕೆ ನೋಡಿದಳೋ ಅವಳಿಗೇ ತಿಳಿಯಲಿಲ್ಲ.

ಎಡಕ್ಕೆ ಎಳೆದರು, ಬಲಕ್ಕೆ ತಿರುಗಿಸಿದರು. ಒಳಕೋಣೆಯ ಬಾಗಿಲಿಗೂ ಕಂಬಕ್ಕೂ ನಡುವೆ ಅಷ್ಟುದ್ದದ ಪೆಟ್ಟಿಗೆ ಹೊರಳುವಂತಿರಲಿಲ್ಲ. ಕೊನೆಗೆ ಪೆಟ್ಟಿಗೆಯನ್ನು ವಾಪಸು ಒಳಕ್ಕೆ ಒಯ್ದು ಮಂಚದ ಮೇಲಿಟ್ಟರು. ಅದನ್ನು ಮಾಡಿದ ಬಡಗಿ ಹಣೆ ಹಣೆ ಚಚ್ಚಿಕೊಂಡ.

“ಬರೋವಾಗ ಖಾಲಿ ಇತ್ತಲ್ಲ, ನೆಟ್ಟಗೆ ನಿಲ್ಲಿಸ್ಕೊಂಡು ತಂದ್ವಿ. ಬಾಗ್ಲು ಅಳೆದೆ, ಯಜಮಾನ್ರನ್ನೂ ಅಳೆದೆ. ಈ ದರಿದ್ರ ಕಂಬ ಒಂದು ಕಣ್ಣಿಗೇ ಬೀಳ್ಲಿಲ್ಲ.”

ಬೀಳುವುದಾದರೂ ಹೇಗೆ? ತಾರಸಿ ಹಾಕುವಾಗ ಕೆಳಗೆ ಆಸರೆ ಕೊಡುವ, ತಿರುಪು ತಿರುಗಿಸಿ ಬಿಗಿ ಮಾಡುವ ಕಂಬ ಅದು. ಕೆಲಸದವರ ಬಾಯಲ್ಲಿ ಜಾಕಿ. ತಾರಸಿ ಗಟ್ಟಿಯಾದ ಮೇಲೆ ತೆಗೆದು ಬೇರೆ ಕಡೆಗೆ ಒಯ್ಯಬೇಕಾದದ್ದು ಮೂವತ್ತೆರಡು ವರ್ಷದಿಂದ ಈ ನಡುಮನೆಯಲ್ಲಿ ಠಿಕಾಣಿ ಹೂಡಿತ್ತು. ಗೋಡೆಗೆ ಬಣ್ಣ ಬಳಿದಾಗಲೆಲ್ಲ ಅದಕ್ಕೂ ಒಂದು ಕೈ ಬಳಿಯುತ್ತಿದ್ದರು. ಮನೆಯವರು ಅದನ್ನು ಸುತ್ತಿಕೊಂಡೇ ಉಂಡರು, ಸುತ್ತಿಕೊಂಡೇ ಜಗಳವಾಡಿದರು. ಹೊಸದಾಗಿ ಬಂದ ನೆಂಟರು ಒಮ್ಮೆ ಹಣೆ ಬಡಿಸಿಕೊಂಡು, ಎರಡನೆಯ ಸಲ ತಾವೂ ಸುತ್ತುತ್ತಿದ್ದರು. ಇನ್ನೂರು ಮನೆ ಕಟ್ಟಿದವನ ಮನೆಗೇ ಊರುಗೋಲೇ ಎಂದು ಯಾರಾದರೂ ಚುಡಾಯಿಸಿದರೆ ಅಪ್ಪ, “ದೀಪದ ಬುಡದಲ್ಲಿ ಕತ್ತಲೆ ಕಣ್ರೀ” ಎಂದು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

“ಅದಕ್ಕೇನಂತೆ, ತೆಗೆದ್ಬಿಡೋಣ” ಎಂದ ತಮ್ಮ. “ನಾಲ್ಕು ಸುತ್ತು ತಿರುಗಿಸಿದ್ರೆ ಬರತ್ತೆ. ಹೊರಗೆ ಗಾಡಿ ಕಾಯ್ತಾ ಇದೆ.”

ಗೋಡೆಗೊರಗಿ ಕೂತಿದ್ದ ಅಮ್ಮ ತಲೆಯೆತ್ತಲಿಲ್ಲ. “ಅದು ಅವಳ ಕಂಬ. ಅವಳನ್ನ ಕೇಳಿ.”

*

ಹೌದು, ಅವಳದ್ದೇ. ಅವಳಿಗೆ ಏಳು ವರ್ಷವಾಗಿದ್ದಾಗ ಹಿಂದಿನ ಬೀದಿಯಲ್ಲಿ ಯಾರೋ ಕಟ್ಟುತ್ತಿದ್ದ ಮನೆಯ ತಾರಸಿ ಒಂದು ಮಧ್ಯಾಹ್ನ ಕುಸಿದುಬಿತ್ತು. ಯಾರೂ ಸಾಯಲಿಲ್ಲ, ದೊಡ್ಡ ಪುಣ್ಯ. ಆದರೆ ಆ ಸದ್ದು ಮಗುವಿನ ಹೊಟ್ಟೆಯೊಳಗೆ ಕೂತುಬಿಟ್ಟಿತು. ಅವತ್ತಿನಿಂದ ಅವಳು ಮೇಜಿನ ಕೆಳಗೇ ಉಣ್ಣುತ್ತಿದ್ದಳು, ಅಲ್ಲೇ ಪಾಠ ಓದುತ್ತಿದ್ದಳು. ಗದರಿಸಿದರು, ಮುದ್ದು ಮಾಡಿದರು, ಊಹೂಂ, ಮೇಜು ಬಿಟ್ಟು ಹೊರಗೆ ಬರಲಿಲ್ಲ.

ಐದನೆಯ ದಿನ ಅಪ್ಪ ಹೆಗಲ ಮೇಲೆ ಈ ಕಂಬ ಹೊತ್ತು ಬಂದ. ಮೇಲೊಂದು ದಪ್ಪ ಹಲಗೆಯಿಟ್ಟು, ನಡುಮನೆಯಲ್ಲಿ ನಿಲ್ಲಿಸಿ, ಮೇಜಿನ ಕೆಳಗೆ ಬಗ್ಗಿ ಕೈ ಚಾಚಿದ.

“ಬಾ ಕಂದಾ. ನೀನೇ ಬಿಗಿ ಮಾಡು.”

ಅವಳು ಎರಡೂ ಕೈಯಲ್ಲಿ ಹಿಡಿ ತಿರುಗಿಸಿದಳು.

“ಇನ್ನೊಂದ್ಸಲ.”

ತಿರುಗಿಸಿದಳು.

“ಇನ್ನೊಂದ್ಸಲ. ಹಾಂ! ಈಗ ಆಕಾಶ ಕಳಚಿ ಬಿದ್ರೂ ನಮ್ಮನೆ ತಾರಸಿ ಬೀಳಲ್ಲ.”

ಅವನ ಅಡ್ಡಹೆಸರೇ ಅದು, ಇನ್ನೊಂದ್ಸಲ. ಯಾವ ಕೆಲಸ ತೋರಿಸಿದರೂ “ಇನ್ನೊಂದ್ಸಲ ನೋಡಿ” ಎನ್ನುತ್ತಿದ್ದ. ಅವನ ಬೆನ್ನ ಹಿಂದೆ ಕೆಲಸದವರು ಹಾಗೇ ಕರೆಯುತ್ತಿದ್ದರು. ಅವನಿಗೂ ಗೊತ್ತಿತ್ತು. ಅವಳು ಮೇಜಿನಿಂದ ಹೊರಬಂದಳು. ಪ್ರತಿ ಹುಟ್ಟುಹಬ್ಬಕ್ಕೆ ಅಪ್ಪ ಅವಳನ್ನು ಕಂಬಕ್ಕೆ ಒರಗಿಸಿ ಎತ್ತರಕ್ಕೆ ಗೀರು ಹಾಕುತ್ತಿದ್ದ. ದೊಡ್ಡವಳಾಗಿ ಕೆಲಸ ಕಲಿತು ಅವನ ಜೊತೆಗೇ ಕಟ್ಟಡಗಳಿಗೆ ಹೋಗತೊಡಗಿದ ಮೇಲೂ ಈ ಕಂಬ ತನ್ನ ಪುಕ್ಕಲುತನದ ಗುರುತೆಂದು ಅವಳು ಒಳಗೊಳಗೇ ನಾಚುತ್ತಿದ್ದಳು. ತೆಗೆಸೋಣಪ್ಪಾ ಎಂದರೆ ಇರಲಿ ಬಿಡು ಎನ್ನುತ್ತಿದ್ದ.

*

“ತೆಗೀರಿ” ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಹಿರೇ ಮೇಸ್ತ್ರಿ ಅವಳ ಮಣಿಕಟ್ಟು ಹಿಡಿದ. ಅಪ್ಪನ ಮೊದಲ ಮನೆಯಿಂದಲೂ ಜೊತೆಗಿದ್ದವನು. ಅವಳು ಹುಟ್ಟಿದ್ದನ್ನು ಕಂಡವನು.

“ಪುಟ್ಟಮ್ಮಾ, ಅಡಿಗೆಮನೆಗೆ ಬಾ ಒಂದ್ನಿಮಿಷ.”

ಬಾಗಿಲು ಮುಂದೆ ಮಾಡಿ, ಪಿಸುಗುಟ್ಟಿದ. “ಆ ಕಂಬ ನಿನ್ನ ಹೆದರಿಕೆಗೆ ನಿಲ್ಲಿಸಿದ್ದಲ್ಲ, ತಾಯಿ.”

“ಮತ್ತೆ?”

“ಅವರ ಹೆದರಿಕೆಗೆ.”

ಮಾತು ಒಂದೊಂದಾಗಿ ಹೊರಬಿತ್ತು. ಈ ಮನೆ ಅಪ್ಪನ ಕೈಯ ಮೊಟ್ಟಮೊದಲ ತಾರಸಿ. ಆಸ್ಪತ್ರೆಯಲ್ಲಿ ಹೆಂಡತಿ, ಹುಟ್ಟಿದ ಕೂಸು. ಮಗಳನ್ನು ಬಾಡಿಗೆ ಮನೆಗಲ್ಲ, ಸ್ವಂತ ಮನೆಗೇ ಕರೆತರಬೇಕೆಂಬ ಹಟ. ಮೂರು ವಾರ ಇರಬೇಕಾದ ಆಸರೆಯನ್ನು ಒಂಬತ್ತನೆಯ ದಿನಕ್ಕೇ ತೆಗೆಸಿದ. ಕೂಸು ಮನೆಗೆ ಬಂತು. ಅದರ ಹಿಂದೆಯೇ ನಡುಮನೆಯ ನೆತ್ತಿಯಲ್ಲಿ ಕೂದಲೆಳೆಯಷ್ಟು ಬಿರುಕೂ ಬಂತು.

“ಏಳು ವರ್ಷ ನುಂಗಿಕೊಂಡಿದ್ರು. ಹಿಂದಿನ ಬೀದೀದು ಬಿತ್ತಲ್ಲ, ಆವಾಗ ಎದೆ ಒಡೆದುಹೋಯ್ತು. ನೀನು ಮೇಜಿನ ಕೆಳಗೆ ಸೇರ್ಕೊಂಡಿದ್ದು ಅವರಿಗೊಂದು ನೆಪ ಆಯ್ತು, ನೋಡು. ಬಿರುಕಿನ ಮೇಲೆ ಅಡ್ಡಕ್ಕೆ ಗಾಜಿನ ಪಟ್ಟಿ ಅಂಟಿಸಿದ್ದು ನಾನೇ. ಬಿರುಕು ಒಂಚೂರು ಜರುಗಿದ್ರೂ ಗಾಜು ಚಟ್ ಅಂತ ಒಡೀಬೇಕು. ಅದು ಕಾಣಬಾರ್ದು ಅಂತ ಹಲಗೇನ ನಡುವೆ ತೋಡಿ ಮೇಲೆ ಮುಚ್ಚಿದ್ವಿ, ಕೆಳಗೆ ಕಂಬ ಕೊಟ್ವಿ.”

“ಆಮೇಲೆ ನೋಡಿದ್ರಾ? ಗಾಜು?”

ಮೇಸ್ತ್ರಿ ಇಲ್ಲವೆಂದು ತಲೆಯಾಡಿಸಿದ. “ಕಂಬ ತೆಗೀದೆ ಹಲಗೆ ಬರಲ್ಲ. ಬರೋ ವರ್ಷ ನೋಡೋಣ ಅನ್ನೋರು. ಊರಿಗೆಲ್ಲ ಇನ್ನೊಂದ್ಸಲ ನೋಡಿ ಅಂತಿದ್ದೋರು ಇದನ್ನ ಒಂದ್ಸಲಾನೂ ನೋಡ್ಲಿಲ್ಲ.”

ನೆತ್ತಿಯ ಮೇಲೆ ಕುರ್ಚಿ ಎಳೆದ ಸದ್ದಾಯಿತು. ಅವಳ ಜೀವ ಬಾಯಿಗೆ ಬಂತು. ಮೇಲೆ ನೆರಳುಪರದೆ ಕಟ್ಟಿದ ತಾರಸಿಯಲ್ಲಿ ನೂರು ಜನ ಕೂತಿದ್ದರು: ಗಾರೆಯವರು, ಕಂಬಿ ಕಟ್ಟುವವರು, ಅಪ್ಪ ಕಟ್ಟಿದ ಮನೆಗಳಲ್ಲಿ ಬಾಳುತ್ತಿದ್ದವರು. ಹಿಂದೆಂದೂ ಅಷ್ಟು ಜನ ಅಲ್ಲಿ ಸೇರಿದ್ದೇ ಇಲ್ಲ. ಸೇರಲು ಅಪ್ಪ ಬಿಟ್ಟಿದ್ದೇ ಇಲ್ಲ ಎಂಬುದು ಈಗ ಹೊಳೆಯಿತು. ತಮ್ಮನ ಮದುವೆಯ ಊಟಕ್ಕೂ ತಾರಸಿ ಬೇಡ, ಬಿಸಿಲು ಎಂದಿದ್ದ.

ನಡುಮನೆಗೆ ಓಡಿದಳು. ತಮ್ಮ ಆಗಲೇ ಕಂಬದ ಹಿಡಿಗೆ ಕೈ ಹಾಕಿದ್ದ.

“ಮುಟ್ಬೇಡ!”

“ಏನಕ್ಕಾ ನಿಂದು? ಅಪ್ಪ ಹೆಣವಾಗಿ ಮಲಗಿದಾರೆ, ಇನ್ನೂ ಮೇಜಿನ ಕೆಳಗಿನ ಭಯಾನಾ?”

“ಹೌದು ಕಣೋ, ಭಯಾನೇ. ಕೈ ತೆಗಿ.”

ಅಂಥ ದನಿ ಅವಳಲ್ಲಿದೆ ಎಂದು ಅವನಿಗೂ ಗೊತ್ತಿರಲಿಲ್ಲ. ಕೈ ತೆಗೆದ.

ಅವಳು ತಾರಸಿಯ ಮೆಟ್ಟಿಲು ಹತ್ತಿದಳು. ಇನ್ನೂರು ಮನೆ ಕಟ್ಟಿದವನ ಸ್ವಂತ ತಾರಸಿ ಬಿರುಕು ಬಿಟ್ಟಿದೆ ಎಂದು ಅವನ ಹೆಣದ ಮುಂದೆ ಹೇಗೆ ಹೇಳುವುದು? ಹೇಳದೆ ಇದ್ದು, ನಾಳೆ ನೂರು ಹೆಣ ಎಣಿಸುವುದು ಹೇಗೆ?

“ಎಲ್ಲರೂ ಕೆಳಗಿಳೀರಿ. ಬೀದೀಲಿ ನಿಂತ್ಕೊಳ್ಳಿ.”

“ಇಲ್ಲಿಂದಾನೇ ನೋಡ್ತೀವಿ ಬಿಡಮ್ಮ” ಎಂದ ಮನೆ ಮಾಲೀಕನೊಬ್ಬ. ಎಂಟು ವರ್ಷದ ಹಿಂದೆ ಅಪ್ಪ ಕಟ್ಟಿಕೊಟ್ಟ ಮನೆ ಅವನದು. “ಕೆಳಗೆ ನೂಕುನುಗ್ಗಲು. ನಿಮ್ಮಪ್ಪನ ತಾರಸಿ, ಆನೆ ಕುಣಿದ್ರೂ ಅಲ್ಲಾಡಲ್ಲ!” ಎಂದು ಅಭಿಮಾನದಿಂದ ಧಪ್ ಧಪ್ಪೆಂದು ಎರಡು ಸಲ ಕಾಲು ಕುಟ್ಟಿದ. ಅವಳಿಗೆ ಕಣ್ಣು ಕತ್ತಲೆ ಬಂತು.

“ಕೆಳಗಡೆ ಜಾಕಿ ತೆಗೀತಿದೀವಿ” ಎಂದಳು ಗೋಡೆ ಹಿಡಿದುಕೊಂಡು. “ಜಾಕಿ ತೆಗೆಯೋವಾಗ ಮೇಲೆ ಒಂದು ನರಪಿಳ್ಳೇನೂ ಇರಬಾರ್ದು. ಅಪ್ಪನ ಮಾತು.”

ಕೆಲಸದವರೆಲ್ಲ ತಟ್ಟನೆ ಎದ್ದರು. ಇಪ್ಪತ್ತು ವರ್ಷ ಕೇಳಿದ್ದ ಮಾತು. ಯಾಕೆಂದು ಯಾರೂ ಕೇಳಲಿಲ್ಲ. ಅವರು ಎದ್ದ ಮೇಲೆ ಉಳಿದವರೂ ಎದ್ದರು. ಗಾರೆ ಹೊರುವ ಮುದುಕಿ ಕೊನೆಗೆ ಇಳಿಯುತ್ತ, “ಇನ್ನೊಂದ್ಸಲ ನೋಡಮ್ಮ, ಯಾರಾದ್ರೂ ಉಳಿದಿದ್ದಾರೇನೋ” ಎಂದಳು. ಮಗಳು ತಿರುಗಿ ನೋಡಿದಳು. ಯಾರೂ ಇರಲಿಲ್ಲ.

ಕೆಳಗೆ ಮೇಸ್ತ್ರಿಯೊಬ್ಬನನ್ನು ಬಿಟ್ಟು ಎಲ್ಲರನ್ನೂ ಹೊರಗೆ ಕಳಿಸಿದ್ದಾಯಿತು. ಅಮ್ಮ ಮಾತ್ರ ಕೂತಲ್ಲಿಂದ ಏಳಲಿಲ್ಲ.

“ನಾನು ಬರಲ್ಲ. ಮೂವತ್ತೊಂಬತ್ತು ವರ್ಷ ಇದರ ಕೆಳಗೇ ಇದ್ದೀನಿ.”

“ನಿಂಗೂ ಗೊತ್ತಿತ್ತಾಮ್ಮ?”

“ಗಂಡ ಬೆಳಿಗ್ಗೆ ಎದ್ದು ಮುಖ ತೊಳೆಯೋಕೂ ಮುಂಚೆ ಕಂಬ ಬಿಗಿ ಮಾಡ್ತಾನೆ ಅಂದ್ರೆ ಹೆಂಡತಿಗೆ ಗೊತ್ತಾಗಲ್ವೇನೇ? ನಂಗೆ ಗೊತ್ತು ಅಂತ ಅವರಿಗೆ ಗೊತ್ತಾಗಬಾರ್ದು ಅಂತ ಸುಮ್ನಿದ್ದೆ.”

ಮಗಳು ಕಂಬದ ತಿರುಪನ್ನು ನೋಡಿದಳು. ಕಂಬಕ್ಕೆಲ್ಲ ಬಣ್ಣ, ತಿರುಪಿಗೆ ಮಾತ್ರ ಹೊಸ ಗ್ರೀಸು. ಬೆಳಗಿನ ಕಾಫಿ ಲೋಟದ ಮೇಲೆ ಅಪ್ಪನ ಹೆಬ್ಬೆರಳಿನ ಕಪ್ಪು ಅಂಟಿರುತ್ತಿದ್ದುದು ನೆನಪಾಯಿತು. ಅವನು ಓಡಿಸುವ ಗಾಡಿಯ ಗ್ರೀಸೆಂದುಕೊಂಡಿದ್ದಳು.

ಆಸರೆ ತೆಗೆಯುವಾಗ ಕಟ್ಟಿಸಿದವನು ಕೆಳಗೆ ನಿಲ್ಲಬೇಕು, ಅದೂ ಅಪ್ಪನದೇ ಮಾತು. ಅವಳು ನಿಂತಳು. ಅಳು ಬರುವಷ್ಟು ಹೆದರಿದ್ದಳು, ಆದರೂ ನಿಂತಳು. ಮೇಸ್ತ್ರಿ ಹಿಡಿಗೆ ಕೈ ಹಾಕಿ ಒಂದು ಸುತ್ತು ತಿರುಗಿಸಿದ. ಸಲೀಸಾಗಿ ತಿರುಗಿತು. ಎರಡನೆಯದಕ್ಕೆ ಮೇಲೆಲ್ಲೋ ಟಕ್ ಎಂದಿತು. ಸುಣ್ಣದ ಹುಡಿ ಅವಳ ಕೂದಲ ಮೇಲೆ ಉದುರಿತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಅಮ್ಮನ ಕೈ ಹೇಗೋ ಅವಳ ಕೈಯೊಳಗೆ ಬಂದಿತ್ತು.

ಏನೂ ಆಗಲಿಲ್ಲ.

ಕಂಬ ಸಡಿಲವಾಯಿತು. ಹಲಗೆ ಕೈಗೆ ಬಂತು. ಅವಳು ಸ್ಟೂಲು ಹತ್ತಿದಳು. ಮೇಲೆ ಬಿರುಕಿಗೆ ಅಡ್ಡಲಾಗಿ ಬೆರಳುದ್ದದ ಗಾಜು, ಪಕ್ಕದಲ್ಲಿ ಅಪ್ಪನ ಕೈಯ ಪೆನ್ಸಿಲಿನಲ್ಲಿ ಅವಳ ಏಳನೆಯ ವಯಸ್ಸಿನ ಒಂದು ತಾರೀಖು. ಹೆಬ್ಬೆರಳಿನಿಂದ ಧೂಳು ಒರೆಸಿದಳು.

“ಒಡೆದಿದೆಯಾ?” ಮೇಸ್ತ್ರಿ ತಲೆಯೆತ್ತಲಿಲ್ಲ.

“ಇಲ್ಲ.”

“ಇನ್ನೊಂದ್ಸಲ ನೋಡು.”

ಈ ತುದಿಯಿಂದ ಆ ತುದಿಗೆ ಉಗುರು ಎಳೆದಳು. ಎಲ್ಲೂ ತಡೆಯಲಿಲ್ಲ. “ಇಲ್ಲ ಮಾಮ. ಹಾಗೇ ಇದೆ.”

ಮೇಸ್ತ್ರಿ ನೆಲದ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತ. “ಒಂದ್ಸಲ ನೋಡಿದ್ರೆ ಸಾಕಾಗಿತ್ತಲ್ಲ ಯಜಮಾನ್ರೇ, ಒಂದೇ ಒಂದ್ಸಲ!”

ಹೊರಗಿದ್ದವರನ್ನು ಒಳಗೆ ಕರೆದರು. ತಮ್ಮ ಕಂಬವನ್ನು ಗೋಡೆಗೆ ಒರಗಿಸಿದ. ಎಂಟು ಮಂದಿ ಪೆಟ್ಟಿಗೆ ಎತ್ತಿದರು. ಈ ಸಲ ಅದು ನಡುಮನೆಯ ನಡುವಿನಿಂದ ಮುಂಬಾಗಿಲಿಗೆ ನೆಟ್ಟಗೆ ಹೋಯಿತು.

ಅಮ್ಮ ಸೆರಗು ಹೊದ್ದು ಹಿಂದೆ ಹೊರಟಳು. ಬಯಲಾದ ನಡುಮನೆಯ ಮಧ್ಯಕ್ಕೆ ಬಂದವಳು ಎಡಭುಜ ಸ್ವಲ್ಪ ಒಳಗೆಳೆದುಕೊಂಡು, ಇಲ್ಲದ ಕಂಬವನ್ನು ಬಳಸಿ ಮುಂದೆ ನಡೆದಳು. ತಮ್ಮನೂ ಬಳಸಿದ. ಅವರ ಹಿಂದೆ, ತಾರಸಿಯನ್ನೇ ನೋಡುತ್ತ, ಮಗಳೂ.